ನದಿಗೂ ಬೇಕು ನೀರಗಂಟಿ

ಹಳೇ ಮೈಸೂರು ಸೀಮೆಯಲ್ಲಿ, ಕೆರೆಯಿರುವ ಊರುಗಳಲ್ಲಿ ಹುಟ್ಟಿ ಬೆಳೆದ ಹಿರಿಯರಿಗೆ ‘ನೀರಗಂಟಿ’ ಎಂಬ ಪದ ಹೊಸದಲ್ಲ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಇಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ಸುಗ್ಗಿಯ ಕಾಲದಲ್ಲಿ ಅವನ ಪಾಲಿನ ಧಾನ್ಯ ಅವನಿಗೆ ಸಲ್ಲುತ್ತಿತ್ತು. ಕೆರೆ ಕಟ್ಟಿಸಿದ ಅರಸರ, ದಂಡನಾಯಕರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ದಿನವೂ ಏರಿಯ ಮೇಲೆ ನಡೆದು ಕೆರೆಯನ್ನು ಕಾಯ್ದ ನೀರಗಂಟಿಯ ಹೆಸರನ್ನು ಯಾರೂ ಕಲ್ಲಿನಲ್ಲಿ ಕೊರೆಯಲಿಲ್ಲ. ಆದರೂ ಕಟ್ಟಿದ ಕೆರೆ ಕೆರೆಯಾಗಿ ಉಳಿದದ್ದು ಅವನಿಂದ.

ಈ ಮಾತನ್ನು ಇಲ್ಲಿ ನೆನೆಯಲು ಕಾರಣವಿದೆ. ನಾವು ನೆಲೆಸಿರುವ ಈಶಾನ್ಯ ಒಹಾಯೊದ ಕಯಹೋಗಾ ನದಿಯ ಚರಿತ್ರೆಯನ್ನು ಓದುತ್ತ ಹೋದಂತೆ ನಮಗೆ ಮತ್ತೆ ಮತ್ತೆ ಕಾಣುವುದು ಇದೇ ಸಂಗತಿ. ಕಾನೂನು ಮಾಡಿದವರ ಹೆಸರು ಪುಸ್ತಕಗಳಲ್ಲಿದೆ. ಆ ಕಾನೂನು ಬರುವಂತೆ ಮಾಡಿದವರು, ಬಂದ ಮೇಲೆ ಅದು ಕಾಗದದಲ್ಲೇ ಉಳಿಯದಂತೆ ಕಾಯ್ದವರು ಬಹುಪಾಲು ಸಾಮಾನ್ಯ ನಾಗರಿಕರು. ವೃತ್ತಿಯಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯರಿಗೂ, ಇನ್ನಿಪ್ಪತ್ತು ವರ್ಷಗಳಲ್ಲಿ ಆ ಸಾಲಿಗೆ ಸೇರುವ ನಮಗೂ ಈ ಚರಿತ್ರೆಯಲ್ಲಿ ಒಂದು ಕರೆಯಿದೆ ಎಂಬುದು ನಮ್ಮ ಭಾವನೆ.

ಉರಿದ ನದಿ

ಕಯಹೋಗಾ ಎಂದರೆ ಇಲ್ಲಿನ ಮೂಲನಿವಾಸಿಗಳ ಮಾತಿನಲ್ಲಿ ಡೊಂಕು ನದಿ ಎಂದು ಅರ್ಥ ಹೇಳುತ್ತಾರೆ. ಹೆಸರಿಗೆ ತಕ್ಕಂತೆ ಅದು ಜಿಯಾಗ ಕೌಂಟಿಯಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ಆಕ್ರನ್ ಬಳಿ ಉತ್ತರಕ್ಕೆ ತಿರುಗಿ, ಕ್ಲೀವ್‌ಲೆಂಡಿನಲ್ಲಿ ಈರಿ ಸರೋವರವನ್ನು ಸೇರುತ್ತದೆ. ಜಾನ್ ಡಿ. ರಾಕ್‌ಫೆಲರ್ 1870ರಲ್ಲಿ ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯನ್ನು ಸ್ಥಾಪಿಸಿದ್ದು ಕ್ಲೀವ್‌ಲೆಂಡಿನಲ್ಲೇ. ಮೋಟಾರು ಕಾರುಗಳಿಲ್ಲದ ಆ ಕಾಲದಲ್ಲಿ ತೈಲ ಶುದ್ಧೀಕರಣದವರಿಗೆ ಬೇಕಾಗಿದ್ದುದು ದೀಪದ ಸೀಮೆಎಣ್ಣೆ ಮಾತ್ರ. ಅದರ ಜೊತೆಗೆ ಬರುವ ಪೆಟ್ರೋಲು ಬೇಡದ ವಸ್ತುವಾಗಿ ಎಷ್ಟೋ ಸಲ ನದಿಯ ಪಾಲಾಗುತ್ತಿತ್ತು. ಮುಂದೆ ಉಕ್ಕಿನ ಕಾರ್ಖಾನೆಗಳು, ಬಣ್ಣದ ಕಾರ್ಖಾನೆಗಳು ಬಂದವು. ಊರಿನ ಚರಂಡಿ ನೀರೂ ಅದೇ ನದಿಗೆ ಸೇರಿತು.

ನೀರಿನ ಮೇಲೆ ಎಣ್ಣೆ ಕಟ್ಟಿಕೊಂಡ ಈ ನದಿಗೆ 1868ರಿಂದ ಹತ್ತಕ್ಕೂ ಹೆಚ್ಚು ಬಾರಿ ಬೆಂಕಿ ಬಿದ್ದಿತ್ತು. 1912ರ ಬೆಂಕಿಯಲ್ಲಿ ಐವರು ಸತ್ತರು. 1952ರ ಬೆಂಕಿಯಿಂದ 13 ಲಕ್ಷ ಡಾಲರಿಗೂ ಹೆಚ್ಚು ನಷ್ಟವಾಯಿತು. ಆದರೆ ಜಗತ್ತಿಗೆ ಗೊತ್ತಿರುವುದು 1969ರ ಜೂನ್ 22ರ ಭಾನುವಾರದ ಬೆಂಕಿ. ಅದು ಉರಿದದ್ದು ಅರ್ಧ ಗಂಟೆಗೂ ಕಡಿಮೆ. ಎರಡು ರೈಲು ಸೇತುವೆಗಳಿಗೆ ಸುಮಾರು 50,000 ಡಾಲರ್ ಹಾನಿ. ಊರಿನ ಪತ್ರಿಕೆಗಳೂ ಅದಕ್ಕೆ ಹೆಚ್ಚಿನ ಮಹತ್ವ ಕೊಡಲಿಲ್ಲ. ಆಗಸ್ಟ್ 1ರ ಟೈಮ್ ಪತ್ರಿಕೆ ನದಿಯ ಸ್ಥಿತಿಯನ್ನು ಕುರಿತು ಬರೆದಾಗ ದೇಶವೆಲ್ಲ ಬೆಚ್ಚಿಬಿದ್ದಿತು. ಆ ಪುಟದಲ್ಲಿ ಅಚ್ಚಾದ ಬೆಂಕಿಯ ಚಿತ್ರ 1969ರದಲ್ಲ, 1952ರದು!

ನದಿಗೆ ಬೆಂಕಿ ಬಿತ್ತು, ಸರ್ಕಾರ ಎಚ್ಚೆತ್ತಿತು, ಕಾನೂನು ಬಂತು, ನದಿ ಶುದ್ಧವಾಯಿತು ಎಂದು ಶಾಲೆಯ ಮಕ್ಕಳೂ ಇಂದು ಹೇಳುತ್ತಾರೆ. ವಾಸ್ತವ ಹಾಗಿಲ್ಲ. ಬೆಂಕಿಗೂ ಐದು ವರ್ಷ ಮುಂಚೆಯೇ, 1964ರಲ್ಲಿ, ಡೇವಿಡ್ ಬ್ಲೌಶೀಲ್ಡ್ ಎಂಬ ಕಾರು ವ್ಯಾಪಾರಿ ಈರಿ ಸರೋವರವನ್ನು ಉಳಿಸಬೇಕೆಂದು ಜನರ ಸಹಿ ಸಂಗ್ರಹಿಸಲು ಹೊರಟಿದ್ದರು. ಕ್ಲೀವ್‌ಲೆಂಡ್ ಪ್ರೆಸ್ ಪತ್ರಿಕೆಯ ವರದಿಗಾರ್ತಿ ಬೆಟ್ಟಿ ಕ್ಲಾರಿಕ್ ಬಿಡದೆ ಈ ವಿಷಯ ಬರೆಯುತ್ತಿದ್ದರು. 1968ರ ನವೆಂಬರಿನಲ್ಲಿ, ಬೆಂಕಿಗೆ ಏಳು ತಿಂಗಳು ಮೊದಲು, ಕ್ಲೀವ್‌ಲೆಂಡಿನ ಮತದಾರರು ನೀರಿನ ಶುದ್ಧೀಕರಣಕ್ಕಾಗಿ 10 ಕೋಟಿ ಡಾಲರುಗಳ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟಿದ್ದರು. ಬೆಂಕಿಯ ಮರುದಿನವೇ ಮೇಯರ್ ಕಾರ್ಲ್ ಸ್ಟೋಕ್ಸ್ ಪತ್ರಕರ್ತರನ್ನು ನದಿಯ ದಂಡೆಗೆ ಕರೆದೊಯ್ದು ಕೊಳಕು ಎಲ್ಲೆಲ್ಲಿಂದ ಬರುತ್ತಿದೆ ಎಂಬುದನ್ನು ತೋರಿಸಿದರು. ದೇಶದ ದೊಡ್ಡ ನಗರವೊಂದಕ್ಕೆ ಮೇಯರಾಗಿ ಆಯ್ಕೆಯಾದ ಮೊದಲ ಕರಿಯ ಜನಾಂಗದವರು ಅವರು. ಜನರು ಮೊದಲೇ ಸಿದ್ಧರಾಗಿದ್ದರಿಂದಲೇ ಅರ್ಧ ಗಂಟೆಯ ಬೆಂಕಿಗೆ ಅಷ್ಟು ಬಲ ಬಂತು. 1952ರ ದೊಡ್ಡ ಬೆಂಕಿಯಿಂದ ಆಗದಿದ್ದುದು 1969ರ ಸಣ್ಣ ಬೆಂಕಿಯಿಂದ ಆದದ್ದಕ್ಕೆ ಬೇರೆ ಕಾರಣ ನಮಗೆ ಕಾಣದು.

1970ರ ಏಪ್ರಿಲ್ 22ರಂದು ಮೊದಲ ಭೂದಿನ ನಡೆಯಿತು. ಅದೇ ಡಿಸೆಂಬರಿನಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಕೆಲಸ ಆರಂಭಿಸಿತು. 1972ರ ಅಕ್ಟೋಬರ್ 18ರಂದು, ಅಧ್ಯಕ್ಷ ನಿಕ್ಸನ್ನರ ನಿರಾಕರಣೆಯನ್ನೂ ಮೀರಿ, ಕಾಂಗ್ರೆಸ್ಸು ಶುದ್ಧ ನೀರಿನ ಕಾಯಿದೆಯನ್ನು ಜಾರಿಗೆ ತಂದಿತು. ಈ ಕಾಯಿದೆಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ: ಕೊಳಕು ಬಿಡುವವರ ಮೇಲೆ ಸರ್ಕಾರ ಕ್ರಮ ಕೈಗೊಳ್ಳದಿದ್ದರೆ ಸಾಮಾನ್ಯ ನಾಗರಿಕನೂ ನ್ಯಾಯಾಲಯದ ಬಾಗಿಲು ತಟ್ಟಬಹುದು. ಎಂದರೆ, ಕಾವಲು ಕಾಯುವ ಹಕ್ಕನ್ನು ಕಾನೂನೇ ಜನರಿಗೆ ಕೊಟ್ಟಿದೆ.

ಫಲ ಒಂದೆರಡು ವರ್ಷಗಳಲ್ಲಿ ಬರಲಿಲ್ಲ. ಕಯಹೋಗಾ ಕಣಿವೆಯಲ್ಲಿ ಬೋಳುತಲೆಯ ಹದ್ದುಗಳು ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ ಮತ್ತೆ ಗೂಡು ಕಟ್ಟಿದ್ದು 2006ರಲ್ಲಿ. ನದಿಯ ಮೀನು ತಿನ್ನುವುದರ ಮೇಲಿದ್ದ ನಿರ್ಬಂಧಗಳು ಸಡಿಲವಾದದ್ದು 2019ರಲ್ಲಿ, ಬೆಂಕಿಯ ಐವತ್ತನೇ ವರ್ಷದಲ್ಲಿ.

ಹುಳುಗಳನ್ನು ಎಣಿಸುವವರು

ಕಾರ್ಖಾನೆಯ ಕೊಳವೆಗೆ ಕಾನೂನು ಬೀಗ ಹಾಕಬಲ್ಲದು. ಸಾವಿರಾರು ಅಂಗಳಗಳಿಂದ, ರಸ್ತೆಗಳಿಂದ ಮಳೆಯೊಡನೆ ಹರಿದು ಬರುವ ಕೊಳೆಗೆ ಬೀಗ ಎಲ್ಲಿ ಹಾಕುವುದು? ಅದಕ್ಕೆ ಪ್ರತಿ ಹಳ್ಳ ತೊರೆಯ ಮೇಲೂ ಕಣ್ಣಿಡುವವರು ಬೇಕು. ಐಸಾಕ್ ವಾಲ್ಟನ್ ಲೀಗ್ ಎಂಬ ಹಳೆಯ ಸಂಸ್ಥೆ 1969ರಲ್ಲೇ ‘ಸೇವ್ ಅವರ್ ಸ್ಟ್ರೀಮ್ಸ್’ ಎಂಬ ಕಾರ್ಯಕ್ರಮ ಆರಂಭಿಸಿತು. ಇಂಥ ಕಾರ್ಯಕ್ರಮಗಳಲ್ಲಿ ಸ್ವಯಂಸೇವಕರು ತೊರೆಗೆ ಇಳಿದು, ಕಲ್ಲುಗಳನ್ನು ಮಗುಚಿ, ಬಲೆಗೆ ಸಿಕ್ಕ ಹುಳುಗಳನ್ನು ಗುರುತಿಸಿ ಎಣಿಸುತ್ತಾರೆ. ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್‌ಫ್ಲೈಗಳ ಮರಿಗಳು ಹೇರಳವಾಗಿದ್ದರೆ ನೀರು ಚೆನ್ನಾಗಿದೆ ಎಂದು ತಿಳಿಯಬೇಕು; ಅವು ಕೊಳಕನ್ನು ಸಹಿಸಲಾರವು.

ವೈದ್ಯರಾದ ನಮಗೆ ಈ ವಿಧಾನ ಬಹಳ ಹಿಡಿಸಿತು. ಸೀಸೆಯಲ್ಲಿ ತಂದ ನೀರಿನ ಪರೀಕ್ಷೆ, ಬೆಳಿಗ್ಗೆ ಬೆರಳು ಚುಚ್ಚಿ ನೋಡುವ ಸಕ್ಕರೆಯ ಪರೀಕ್ಷೆಯಂತೆ, ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತದೆ. ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಬದುಕಿದ ಹುಳುಗಳು ಮೂರು ತಿಂಗಳ ಸರಾಸರಿ ಹೇಳುವ ಎ1ಸಿ ಪರೀಕ್ಷೆಯಂತೆ. ನಿನ್ನೆ ಮೊನ್ನೆಯ ಪಥ್ಯದಿಂದ ಅದನ್ನು ಮರೆಮಾಚಲಾಗದು ಎಂಬುದು ನಮ್ಮ ಮಧುಮೇಹಿ ಬಂಧುಗಳಿಗೆ ಚೆನ್ನಾಗಿ ಗೊತ್ತು!

ಪ್ಲಾಸ್ಟಿಕ್ಕಿನ ಲೆಕ್ಕ

ಕಯಹೋಗಾದಲ್ಲಿ ಎಣ್ಣೆ ಕಡಿಮೆಯಾದ ಕಾಲಕ್ಕೆ ಎಲ್ಲೆಡೆಯ ನೀರಿಗೂ ಇನ್ನೊಂದು ಪೀಡೆ ಅಂಟಿತ್ತು. 1986ರಲ್ಲಿ ಟೆಕ್ಸಸ್ಸಿನ ಕಡಲತೀರದಲ್ಲಿ ಲಿಂಡಾ ಮರಾನಿಸ್ ಮತ್ತು ಕ್ಯಾಥಿ ಓಹಾರಾ ಎಂಬ ಇಬ್ಬರು ಮಹಿಳೆಯರು ಒಂದು ಶುಚಿ ಕಾರ್ಯ ಏರ್ಪಡಿಸಿದರು. 2,800 ಸ್ವಯಂಸೇವಕರು ಕೆಲವೇ ಗಂಟೆಗಳಲ್ಲಿ 124 ಟನ್ ಕಸ ಹೆಕ್ಕಿದರು. ಕಸ ಹೆಕ್ಕುವುದು ಹೊಸದೇನಲ್ಲ. ಈ ಇಬ್ಬರ ಹೊಸತನವೆಂದರೆ, ಹೆಕ್ಕಿದ ಪ್ರತಿಯೊಂದು ವಸ್ತುವನ್ನೂ ಒಂದು ಚೀಟಿಯಲ್ಲಿ ಗುರುತು ಹಾಕಿ ಎಣಿಸಿದ್ದು. ಅದೇ ಮುಂದೆ ನೂರಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿದ ಅಂತರರಾಷ್ಟ್ರೀಯ ಕಡಲತೀರ ಶುಚಿ ಕಾರ್ಯವಾಯಿತು. ನಮ್ಮ ಮಹಾಸರೋವರಗಳ ತೀರದಲ್ಲಿ ‘ಅಡಾಪ್ಟ್ ಎ ಬೀಚ್’ ಸ್ವಯಂಸೇವಕರು ಎಣಿಸಿದ ಕಸದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಪ್ಲಾಸ್ಟಿಕ್.

ಎಣಿಸಿದ್ದರಿಂದ ಆಗುವುದೇನು? ಒಂದು ಉದಾಹರಣೆ. ಮುಖ ತೊಳೆಯುವ ಕ್ರೀಮುಗಳಲ್ಲಿ, ಹಲ್ಲುಜ್ಜುವ ಪೇಸ್ಟಿನಲ್ಲಿ ಸಾಸಿವೆಗಿಂತ ಸಣ್ಣದಾದ ಪ್ಲಾಸ್ಟಿಕ್ ಮಣಿಗಳನ್ನು ಬೆರೆಸುತ್ತಿದ್ದರು. 2012ರಲ್ಲಿ ರಸಾಯನ ವಿಜ್ಞಾನದ ಪ್ರಾಧ್ಯಾಪಕಿ ಶೆರಿ ಮೇಸನ್ ಮತ್ತು ಸಂಗಡಿಗರು ಮಹಾಸರೋವರಗಳಲ್ಲಿ ಸೂಕ್ಷ್ಮ ಬಲೆ ಎಳೆದು ಇಂಥ ಚೂರುಗಳನ್ನು ಎಣಿಸಿದರು. 2014ರಲ್ಲಿ ಇಲಿನಾಯ್ ರಾಜ್ಯ ಈ ಮಣಿಗಳನ್ನು ನಿಷೇಧಿಸಿತು. 2015ರ ಡಿಸೆಂಬರ್ 28ರಂದು ಅಧ್ಯಕ್ಷ ಒಬಾಮಾ ಇಡೀ ದೇಶಕ್ಕೆ ಅನ್ವಯಿಸುವ ಕಾಯಿದೆಗೆ ಸಹಿ ಹಾಕಿದರು. ಎಣಿಕೆಯಿಂದ ಕಾನೂನಿಗೆ ಮೂರೇ ವರ್ಷ!

ನೀರಿನ ಶುದ್ಧಿಗೂ ನಮ್ಮ ವೃತ್ತಿಗೂ ಹಳೆಯ ನಂಟು. 1911ರಲ್ಲಿ ಕ್ಲೀವ್‌ಲೆಂಡ್ ಕುಡಿಯುವ ನೀರಿಗೆ ಕ್ಲೋರಿನ್ ಬೆರೆಸಲು ತೊಡಗಿದ ಮೇಲೆ ಟೈಫಾಯ್ಡ್ ಹಿಮ್ಮೆಟ್ಟಿತು. ಇಂದಿನ ಪ್ರಶ್ನೆ ಬೇರೆ. 2024ರ ಮಾರ್ಚಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಕುತ್ತಿಗೆಯ ರಕ್ತನಾಳದಲ್ಲಿ ಕಟ್ಟಿದ ಕೊಬ್ಬನ್ನು ತೆಗೆಸಿಕೊಂಡ 257 ರೋಗಿಗಳ ಪೈಕಿ 150 ಜನರ ಆ ಕೊಬ್ಬಿನಲ್ಲಿ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಅಂಥವರಲ್ಲಿ ಮುಂದೆ ಹೃದಯಾಘಾತ, ಪಾರ್ಶ್ವವಾಯು, ಸಾವು ಹೆಚ್ಚಾಗಿ ಕಂಡುಬಂದವು. ಪ್ಲಾಸ್ಟಿಕ್ಕೇ ಇದಕ್ಕೆ ಕಾರಣವೆಂದು ಇಷ್ಟರಿಂದಲೇ ಸಿದ್ಧವಾಗುವುದಿಲ್ಲ. ಆದರೆ ಸುಮಾರು ಒಂದು ಕೋಟಿ ಜನ ಕುಡಿಯುವ ಈರಿ ಸರೋವರದ ನೀರನ್ನು ನಮ್ಮ ಮಕ್ಕಳೂ ಕುಡಿಯುತ್ತಿರುವಾಗ, ಪೂರ್ತಿ ಸಾಬೀತಾಗಲೆಂದು ಕೈಕಟ್ಟಿ ಕುಳಿತಿರುವುದು ವಿವೇಕವಲ್ಲ.

ನಮ್ಮೂರ ಕೆರೆಗೂ ಬೆಂಕಿ

ಉರಿದ ಕಯಹೋಗಾದ ಕಥೆ ಓದುವ ಕನ್ನಡಿಗನಿಗೆ ಬೆಂಗಳೂರಿನ ಬೆಳ್ಳಂದೂರು ಕೆರೆ ನೆನಪಾಗದೆ ಇರದು. ಚರಂಡಿ ನೀರು, ಬಟ್ಟೆ ಸೋಪಿನ ನೊರೆ ತುಂಬಿದ ಆ ಕೆರೆಯಲ್ಲಿ 2015ರಲ್ಲಿ, 2017ರಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಕಾಣಿಸಿಕೊಂಡಿತು. ಕೊನೆಯ ಸಲ ಅದನ್ನು ಆರಿಸಲು ಸೈನಿಕರು ಬರಬೇಕಾಯಿತು.

ಅಲ್ಲಿಯೂ ಮೊದಲೇ ಎಚ್ಚರಿಸಿದವರಿದ್ದರು. 1986ರಲ್ಲೇ, ನಿವೃತ್ತ ಐ.ಎ.ಎಸ್. ಅಧಿಕಾರಿ ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯ ಸಮಿತಿ, ಉಳಿದ ಕೆರೆಗಳನ್ನು ಒಡೆಯಬಾರದು, ಕೆರೆಗಳಾಗಿಯೇ ಉಳಿಸಬೇಕು ಎಂದು ಹೇಳಿತ್ತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಳ್ಳಂದೂರು ಕೆರೆಯ ಉಸ್ತುವಾರಿಗೆ ಸಮಿತಿ ರಚಿಸಿದಾಗ ಅದರ ಹೊಣೆ ಹೊತ್ತವರು ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ. ಹುದ್ದೆಯಿಂದ ನಿವೃತ್ತಿಯಾದವರು ನಾಗರಿಕ ಹೊಣೆಯಿಂದ ನಿವೃತ್ತರಾಗಬೇಕಿಲ್ಲ ಎಂಬುದಕ್ಕೆ ಇವು ನಮ್ಮ ನಾಡಿನವೇ ಆದ ನಿದರ್ಶನಗಳು.

ಹಿರಿಯರಲ್ಲಿ ಒಂದು ಬಿನ್ನಹ

1965ರ ವಲಸೆ ಕಾಯಿದೆಯ ನಂತರ ಈ ದೇಶಕ್ಕೆ ಬಂದ ನಮ್ಮ ಮೊದಲ ತಲೆಮಾರಿನವರು ಇಂದು ನಿವೃತ್ತರು. ಅವರಲ್ಲಿ ಎಂಜಿನಿಯರುಗಳಿದ್ದಾರೆ, ರಸಾಯನ ಶಾಸ್ತ್ರಜ್ಞರಿದ್ದಾರೆ, ಶಿಕ್ಷಕರಿದ್ದಾರೆ, ಲೆಕ್ಕ ಬಲ್ಲವರಿದ್ದಾರೆ. ಊರಿನ ದೇವಸ್ಥಾನಕ್ಕೆ, ಓದಿದ ಶಾಲೆಗೆ ಅವರು ಧಾರಾಳವಾಗಿ ಕೊಟ್ಟಿದ್ದಾರೆ. ಅನ್ನ ಕೊಟ್ಟ ಈ ನೆಲದ ನೀರಿಗೂ ಅವರ ಅನುಭವದ ಒಂದು ಪಾಲು ಸಲ್ಲಲಿ ಎಂಬುದು ನಮ್ಮ ಬಿನ್ನಹ. ನದಿಗೆ ಬೇಕಾದ ಮುಖ್ಯ ವಸ್ತು ಬಿಡುವು. ಆಸ್ಪತ್ರೆಯ ಪಾಳಿ, ಮಕ್ಕಳ ಪಾಠ ಎಂದು ಓಡುವ ನಮ್ಮ ವಯಸ್ಸಿನವರಲ್ಲಿ ಇಲ್ಲದಿರುವುದೂ ಅದೇ.

ಮಾಡಬೇಕಾದದ್ದು ಕಷ್ಟವಲ್ಲ. ನಾಲ್ಕಾರು ಜನ ಸೇರಿ ಮನೆಗೆ ಹತ್ತಿರದ ತೊರೆಯ ಒಂದು ಭಾಗವನ್ನು ಆರಿಸಿಕೊಳ್ಳಲಿ. ತಿಂಗಳಿಗೊಮ್ಮೆ ಅದೇ ದಂಡೆಯಲ್ಲಿ ನಡೆದು, ಕಸ ಹೆಕ್ಕಿ, ಬಾಟಲಿ ಎಷ್ಟು, ಚೀಲ ಎಷ್ಟು ಎಂದು ಬರೆದಿಡಲಿ. ಒಂದು ವರ್ಷದ ಲೆಕ್ಕ ಕೈಯಲ್ಲಿದ್ದರೆ ನಗರಸಭೆಯಲ್ಲಿ ಮೂರು ನಿಮಿಷ ಮಾತಾಡಿದರೂ ಅದಕ್ಕೆ ತೂಕ ಬರುತ್ತದೆ. ಮೊಮ್ಮಕ್ಕಳನ್ನು ಜೊತೆಗೆ ಕರೆದೊಯ್ದು ಕನ್ನಡದಲ್ಲೇ ಎಣಿಸಲು ಹೇಳಿದರೆ ಭಾಷೆಯ ಪಾಠವೂ ಆದೀತು. ಕೂಟದ ಯುಗಾದಿ, ದೀಪಾವಳಿ ಊಟಗಳಿಗೆ ನೂರಿನ್ನೂರು ಸ್ಟೀಲ್ ತಟ್ಟೆ ಲೋಟಗಳನ್ನು ಕೊಂಡಿಡುವುದು, ಗಣೇಶನ ಹಬ್ಬಕ್ಕೆ ಬಣ್ಣವಿಲ್ಲದ ಮಣ್ಣಿನ ಮೂರ್ತಿ ತರುವುದು ಇದೇ ಕೆಲಸದ ಅಂಗ.

ವೈದ್ಯರಾಗಿ ನಾಲ್ಕು ಎಚ್ಚರಿಕೆಯ ಮಾತು: ದಪ್ಪ ಕೈಗವಸು, ಜಾರದ ಬೂಟು ಇರಲಿ. ಧನುರ್ವಾಯು ಲಸಿಕೆ ಹತ್ತು ವರ್ಷ ದಾಟಿದ್ದರೆ ಹಾಕಿಸಿಕೊಳ್ಳಿ. ಸೂಜಿ, ಸಿರಿಂಜು ಕಂಡರೆ ಮುಟ್ಟಬೇಡಿ. ಜೋರು ಮಳೆಯಾದ ಮೇಲೆ ಎರಡು ಮೂರು ದಿನ ನೀರಿಗೆ ಇಳಿಯಬೇಡಿ. ಕ್ಲೀವ್‌ಲೆಂಡಿನ ಹಳೆಯ ಕೊಳವೆಗಳಲ್ಲಿ ಮಳೆನೀರೂ ಚರಂಡಿ ನೀರೂ ಒಟ್ಟಿಗೆ ಹರಿಯುವುದರಿಂದ ಆಗ ಕೊಳಚೆ ಉಕ್ಕಿ ನದಿಗೆ, ಸರೋವರಕ್ಕೆ ಸೇರುತ್ತದೆ. ಇದನ್ನು ತಡೆಯಲು 2011ರಲ್ಲಿ ತೊಡಗಿದ ಸುರಂಗಗಳ ಯೋಜನೆ ಇಪ್ಪತ್ತೈದು ವರ್ಷಗಳದು, ವೆಚ್ಚ ಸುಮಾರು 300 ಕೋಟಿ ಡಾಲರ್.

ಹನಿ ಹನಿ ಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರೇ ಹೇಳಿದ್ದಾರೆ. ನಮ್ಮ ಕೂಟದ ಈ ವಾರ್ಷಿಕೋತ್ಸವದ ವರ್ಷದಲ್ಲಿ, ಸಂಚಿಕೆಯನ್ನು ಓದಿದ ನಿವೃತ್ತ ಬಂಧುಗಳಲ್ಲಿ ನಾಲ್ವರು ಮುಂದೆ ಬಂದರೂ ಸಾಕು. ಹಿಮ ಕರಗಿದ ಮೇಲೆ ಬರುವ ಮೊದಲ ಒಣ ಶನಿವಾರ ಚೀಲ ಹಿಡಿದು, ಚೀಟಿ ಬರೆದು ಅವರಿಗೆ ನೆರವಾಗಲು ನಾವೂ ಬರುತ್ತೇವೆ.