ನೆಲದಡಿಯ ತೇವ: ನಾಲ್ಕು ತಾಲ್ಲೂಕುಗಳ ಒಂದು ಇತಿಹಾಸ

ಮಳೆಗಾಲದಲ್ಲಿ ಹಾಸಿದ ಚಾಪೆಯನ್ನು ಎತ್ತಿದಾಗ ಅದರ ಅಡಿಯಲ್ಲಿ ಬೂಷ್ಟು ಕಂಡಿದ್ದೀರಾ? ಹೊನ್ನಾಳಿ, ಚನ್ನಗಿರಿ ಕಡೆಯವರಾದರೆ ಖಂಡಿತ ಕಂಡಿರುತ್ತೀರಿ. 'ನೆಲ ಶೀತ' ಎಂದು ಹೇಳಿ ಸುಮ್ಮನಾಗುತ್ತೇವೆ. ಆದರೆ ಈ ಶೀತಕ್ಕೂ ಒಂದು ಇತಿಹಾಸವಿದೆ.

ಹಿಂದಿನ ಮನೆಗಳ ನೆಲ ಮಣ್ಣಿನದು. ಮಣ್ಣು ತುಂಬಿ, ದಮ್ಮಸ್ಸು ಹೊಡೆದು, ಸಗಣಿಯಿಂದ ಸಾರಿಸುತ್ತಿದ್ದರು. ಅಂಥ ನೆಲಕ್ಕೂ ಕೆಳಗಿನಿಂದ ನೀರು ಏರುತ್ತಿತ್ತು. ಆದರೆ ಏರಿದ ನೀರು ಇಡೀ ನೆಲದ ಮೇಲ್ಮೈಯಿಂದ ಆವಿಯಾಗಿ ಹೋಗುತ್ತಿತ್ತು. ಹಾಗೆಂದು ಮಣ್ಣಿನ ನೆಲವೇ ಶ್ರೇಷ್ಠ ಎನ್ನಲಾಗದು. ಗೆದ್ದಲು, ಚಿಗಟಗಳ ಕಾಟ ಅನುಭವಿಸಿದವರಿಗೇ ಗೊತ್ತು!

ನೀರು ಗುರುತ್ವಕ್ಕೆ ವಿರುದ್ಧವಾಗಿ ಏರುವುದು ಹೇಗೆ? ಮಣ್ಣಿನ ಕಣಗಳ ನಡುವಿನ ಸಂದುಗಳು ಸೂಕ್ಷ್ಮ ನಳಿಕೆಗಳಂತೆ ವರ್ತಿಸುತ್ತವೆ. ನಳಿಕೆ ಕಿರಿದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜ್ಯೂರಿನ್ 1718ರಲ್ಲಿ ವಿವರಿಸಿದ. ನಳಿಕೆಯ ತ್ರಿಜ್ಯ 1 ಮಿ.ಮೀ. ಇದ್ದರೆ ನೀರು ಏರುವುದು ಸುಮಾರು 1.5 ಸೆಂ.ಮೀ. ಮಾತ್ರ, 0.01 ಮಿ.ಮೀ. ಇದ್ದರೆ ಸುಮಾರು 1.5 ಮೀಟರ್! ಆದ್ದರಿಂದಲೇ ನುಣುಪಾದ ಎರೆಮಣ್ಣಿನಲ್ಲಿ ನೀರು ಬಹಳ ಎತ್ತರಕ್ಕೆ ಏರುತ್ತದೆ, ದಪ್ಪ ಜಲ್ಲಿಯಲ್ಲಿ ಏರುವುದೇ ಇಲ್ಲ. ಸೂತ್ರ ಹುಟ್ಟುವ ಮೊದಲೇ ಅನುಭವ ಇದನ್ನು ಕಲಿಸಿತ್ತು. ಗ್ರೀಕರು ಊಟದ ಕೋಣೆಯ ನೆಲವನ್ನು ಎರಡು ಅಡಿ ಅಗೆದು, ಇಟ್ಟಿಗೆ ಚೂರು ಹಾಕಿ, ಅದರ ಮೇಲೆ ಇದ್ದಿಲು ತುಳಿದು, ಸುಣ್ಣ, ಮರಳು, ಬೂದಿಗಳ ಗಾರೆ ಹಾಕುತ್ತಿದ್ದರೆಂದು ಕ್ರಿಸ್ತಪೂರ್ವ ಒಂದನೇ ಶತಮಾನದ ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ಬರೆದಿದ್ದಾನೆ.

ನಮ್ಮಲ್ಲಿ ಎರಡು ಬದಲಾವಣೆಗಳು ಕೂಡಿ ಬಂದವು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು 1965ರಲ್ಲಿ ಪೂರ್ಣಗೊಂಡಿತು. ನಾಲೆ ನೀರು ಬಂದ ಕಡೆ ಭತ್ತ, ತೋಟಗಳು ಬಂದವು, ತಗ್ಗು ಪ್ರದೇಶಗಳಲ್ಲಿ ಅಂತರ್ಜಲವೂ ಮೇಲೆ ಬಂದಿತು. ಹೊನ್ನಾಳಿಗೆ ಪಕ್ಕದಲ್ಲೇ ತುಂಗಭದ್ರೆ. ಮಲೆನಾಡಿನ ಅಂಚಿನ ನ್ಯಾಮತಿಗೆ ಮಳೆಯೇ ಸಾಕು. ಇನ್ನೊಂದೆಡೆ ಮಣ್ಣಿನ ನೆಲ ಹೋಗಿ ಸಿಮೆಂಟಿನ ಕಾವಿ ನೆಲ, ಆಮೇಲೆ ಮೊಸಾಯಿಕ್, ಈಗ ಹೊಳೆಯುವ ಟೈಲ್ಸ್ ಬಂದಿವೆ. ಕೆಳಗಿನಿಂದ ನೀರು ಏರುವುದು ಹೆಚ್ಚಿತು, ಮೇಲೆ ಹೋಗುವ ದಾರಿ ಮುಚ್ಚಿತು. ಆ ನೀರು ಎಲ್ಲಿಗೆ ಹೋಗಬೇಕು? ಟೈಲ್ಸ್ ಸಂದುಗಳಿಗೆ, ಇಲ್ಲವೇ ಪಕ್ಕದ ಗೋಡೆಗೆ. ನೆಲಕ್ಕೆ ಟೈಲ್ಸ್ ಹಾಕಿಸಿದ ಮೇಲೆ ಹಳೆಯ ಗೋಡೆಯ ಬುಡದಲ್ಲಿ ಗಾರೆ ಉದುರುವುದು ಮೇಸ್ತ್ರಿಯ ತಪ್ಪೇ ಆಗಿರಬೇಕಿಲ್ಲ. ಅಲ್ಲಿ ಕಾಣುವ ಬಿಳಿ ಹುಡಿ ಎಲ್ಲವೂ ಬೂಷ್ಟಲ್ಲ. ಒಂದು ಚಿಟಿಕೆ ನೀರಿಗೆ ಹಾಕಿ ನೋಡಿ. ಕರಗಿದರೆ ಅದು ಲವಣ.

ನಿಜವಾದ ಬೂಷ್ಟು ಶಿಲೀಂಧ್ರ. ತೇವ ಇದ್ದರೆ ಧೂಳು, ಚಾಪೆ, ಗೋಣಿಚೀಲ ಯಾವುದಾದರೂ ಅದಕ್ಕೆ ಆಹಾರವೇ. ಉಬ್ಬಸ ಇರುವವರಿಗೆ ಅದರ ಬೀಜಾಣುಗಳು ತೊಂದರೆ ಕೊಡುತ್ತವೆ. ಇನ್ನೂ ಗಂಭೀರವಾದುದು ತೇವದ ನೆಲದ ಮೇಲೆ ನೇರವಾಗಿ ಒಟ್ಟಿದ ಮೆಕ್ಕೆಜೋಳ, ಶೇಂಗಾ, ಅಡಿಕೆ ಚೀಲಗಳ ಪ್ರಶ್ನೆ. ಆಸ್ಪರ್‌ಜಿಲಸ್ ಜಾತಿಯ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಚೀಲದ ಕೆಳಗೆ ಮರದ ಹಲಗೆ ಇಡುವ ಪದ್ಧತಿಯನ್ನು ಹಳೆಯದೆಂದು ಬಿಡಬೇಡಿ.

ಶಾಲೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಅಂಚುಗಳಿಗೆ ಟೇಪ್ ಅಂಟಿಸಿ. ಒಂದು ದಿನ ಬಿಟ್ಟು ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಂಡರೆ ತೇವ ಕೆಳಗಿನಿಂದ ಬಂದದ್ದು. ಹಾಳೆಯ ಮೇಲೆ ಮಾತ್ರ ಕಂಡರೆ ತಣ್ಣನೆಯ ನೆಲದ ಮೇಲೆ ಗಾಳಿಯ ಆವಿ ಸಾಂದ್ರೀಕರಿಸಿದೆ. ಅದಕ್ಕೆ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದನ್ನು ಹೊರಗಿನ ಗಾಳಿಯ ತೇವ ನೋಡಿ ನಿರ್ಧರಿಸಬೇಕು. ತೇವ ಕೆಳಗಿನದಾದರೆ ಮೇಲೆ ಬಣ್ಣ ಬಳಿಯುವುದು, ವಿನೈಲ್ ಹಾಸುವುದು ವ್ಯರ್ಥ. ಬೂಷ್ಟಿಗೆ ಮರೆ ಸಿಗುತ್ತದೆ, ಅಷ್ಟೆ. ಮೊದಲು ಮನೆಯ ಸುತ್ತ ನಿಲ್ಲುವ ನೀರನ್ನು ಹೊರಗೆ ಹರಿಸಿ. ಹೊಸ ನೆಲ ಹಾಕುವಾಗ ಪುಡಿಯಿಲ್ಲದ ದಪ್ಪ ಜಲ್ಲಿಯ ಪದರ, ಅದರ ಮೇಲೆ ತೆಳುವಾಗಿ ಮರಳು, ದಪ್ಪ ಪಾಲಿಥೀನ್ ಹಾಳೆ, ಆಮೇಲೆ ಕಾಂಕ್ರೀಟು. ಗೋಡೆಯ ಬುಡಕ್ಕೂ ತೇವ ತಡೆಯುವ ಪದರ ಬೇಕು.

ಜಗಳೂರಿನವರಿಗೆ ಇದೆಲ್ಲ ಪರರ ಕಷ್ಟ ಎನ್ನಿಸಬಹುದು. ಅದು ಬರದ ಸೀಮೆ, ಬಾವಿಗಳೇ ಬತ್ತಿದ ಊರು. ಆದರೆ ತುಂಗಭದ್ರೆಯ ನೀರನ್ನು ಏತದಿಂದ ಅಲ್ಲಿನ ಕೆರೆಗಳಿಗೆ ತುಂಬಿಸುವ ಯೋಜನೆ ಬಂದಿದೆ. ಕೆರೆಯಂಗಳದ ಸಮೀಪ ಮನೆ ಕಟ್ಟುವವರು ಜಲ್ಲಿಯ ಪದರದ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಲಿ. ಅಲ್ಲಿನ ಶಾಲೆಗಳ ವಿದ್ಯಾರ್ಥಿಗಳು ಊರ ಬಾವಿಯ ನೀರಿನ ಮಟ್ಟವನ್ನು ಪ್ರತಿ ತಿಂಗಳು ಅಳೆದು ಬರೆದಿಡಬಹುದು. ಒಂದು ಹಗ್ಗ, ಒಂದು ಕಲ್ಲು, ಒಂದು ನೋಟ್‌ಬುಕ್ ಇದ್ದರೆ ಸಾಕು.