ಥ್ರೆಡ್ಡುಗಳ ಸಂಖ್ಯೆ: ಪಾಲಿನ ಪ್ರಶ್ನೆಯೊಂದರ ಇತಿಹಾಸ

ಒಂದು ಗಣಕದ ಶಕ್ತಿಯನ್ನು ಹಲವರು ಹಂಚಿಕೊಳ್ಳುವ ಪದ್ಧತಿ ಹಳೆಯದು. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು, ಒಂದೇ ಗಣಕದ ಕಾಲವನ್ನು ಅನೇಕರಿಗೆ ಸರದಿಯಂತೆ ಒದಗಿಸುವ ವ್ಯವಸ್ಥೆಯನ್ನು ಪ್ರದರ್ಶಿಸಿದರು. ಅದೇ ವರ್ಷ ಜಾನ್ ಲಿಟ್ಲ್ ಅವರು ಸರದಿಯ ಸಾಲುಗಳನ್ನು ಕುರಿತ ಪ್ರಮೇಯವೊಂದರ ಸಾಧನೆಯನ್ನು ಪ್ರಕಟಿಸಿದರು. ಅದರ ಪ್ರಕಾರ, ಸೆಕೆಂಡಿಗೆ 50 ಕೋರಿಕೆಗಳು ಬಂದು ಒಂದೊಂದಕ್ಕೂ ಸರಾಸರಿ 0.2 ಸೆಕೆಂಡು ಹಿಡಿದರೆ, ಯಾವುದೇ ಗಳಿಗೆಯಲ್ಲಿ ಸರಾಸರಿ 10 ಕೋರಿಕೆಗಳು ನಡೆಯುತ್ತಿರುತ್ತವೆ. ಪ್ರೋಗ್ರಾಮಿನೊಳಗೆ ಸ್ವತಂತ್ರವಾಗಿ ಸಾಗುವ ಕೆಲಸದ ಎಳೆಯೇ ಥ್ರೆಡ್. ಕೋರಿಕೆಗೊಂದು ಥ್ರೆಡ್ಡನ್ನು ನೇಮಿಸುವ ಸರ್ವರಿಗೆ ಇಲ್ಲಿ ಹತ್ತು ಥ್ರೆಡ್ಡುಗಳೂ, ಏರಿಳಿತಕ್ಕೆಂದು ಇನ್ನು ಕೆಲವೂ ಸಾಕೆಂದಾಯಿತು.

ಈ ಸರಳ ಗಣಿತವು ತೊಡಕಾದುದು ಕಂಟೇನರುಗಳ ಕಾಲದಲ್ಲಿ. ಗೂಗಲ್ ಸಂಸ್ಥೆಯ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಆರಂಭಿಸಿದ ಕಾರ್ಯದ ಫಲವಾಗಿ, ಪ್ರೋಗ್ರಾಮುಗಳ ಗುಂಪೊಂದಕ್ಕೆ ಯಂತ್ರದ ಇಂತಿಷ್ಟೇ ಪಾಲೆಂದು ಗೊತ್ತುಪಡಿಸುವ 'ಸಿಗ್ರೂಪ್' ಎಂಬ ಏರ್ಪಾಡು 2008ರಲ್ಲಿ ಲಿನಕ್ಸನ್ನು ಸೇರಿತು. 2013ರಲ್ಲಿ ಡಾಕರ್ ಬಂದ ಮೇಲೆ ಇದರ ಬಳಕೆ ಎಲ್ಲೆಡೆ ಹಬ್ಬಿತು. ಆದರೆ ಪಾಲು ಗೊತ್ತಾದರೂ, ಒಳಗಿನ ಪ್ರೋಗ್ರಾಮು ಇಡೀ ಯಂತ್ರವನ್ನೇ ತನ್ನದೆಂದು ಎಣಿಸುತ್ತಿತ್ತು.

ಇದರ ಪರಿಣಾಮವನ್ನು ಲೆಕ್ಕದಿಂದಲೇ ಕಾಣಬಹುದು. 64 ಪ್ರೊಸೆಸರುಗಳ ಯಂತ್ರದಲ್ಲಿ ಎರಡು ಪ್ರೊಸೆಸರುಗಳಷ್ಟೇ ಪಾಲುಳ್ಳ ಕಂಟೇನರೊಂದು 64 ಥ್ರೆಡ್ಡುಗಳನ್ನು ತೆರೆದಿದೆಯೆನ್ನೋಣ. ಲಿನಕ್ಸಿನಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡುಗಳ ಅವಧಿಗೊಮ್ಮೆ ಪಾಲನ್ನು ಅಳೆಯುವರು. ಈ ಕಂಟೇನರಿಗೆ ಸಲ್ಲುವುದು ಒಟ್ಟು 200 ಮಿಲಿಸೆಕೆಂಡುಗಳ ದುಡಿಮೆ. 64 ಥ್ರೆಡ್ಡುಗಳೂ ಏಕಕಾಲದಲ್ಲಿ ಓಡಿದರೆ ಅದು ಸುಮಾರು ಮೂರು ಮಿಲಿಸೆಕೆಂಡುಗಳಲ್ಲಿಯೇ ತೀರಿ, ಉಳಿದ 97ರಲ್ಲಿ ಎಲ್ಲವೂ ಸ್ತಬ್ಧವಾಗಿ ನಿಲ್ಲುವುವು. ಕೆಲಸಗಾರರು ಹೆಚ್ಚಿದಷ್ಟೂ ಕಾಯುವಿಕೆಯೇ ಹೆಚ್ಚಿತು. ಜಾವಾ ಭಾಷೆಯ 10ನೆಯ ಆವೃತ್ತಿಯು 2018ರಲ್ಲಿ ಕಂಟೇನರಿನ ಪಾಲನ್ನು ತಾನೇ ಗುರುತಿಸಿ ಈ ದೋಷವನ್ನು ಬಹುಮಟ್ಟಿಗೆ ನಿವಾರಿಸಿತು.

ಆದರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಪ್ರತಿಯೊಂದು ಕಂಟೇನರೂ ತನ್ನ ಮಿತಿಯನ್ನು ಮೀರದಿದ್ದರೂ ಎಲ್ಲವುಗಳ ಮೊತ್ತ ಮಿತಿಮೀರಬಹುದು. ಪೊನ್ನಂಪೇಟೆಯ ಸುತ್ತಿನ ಬಯಲಿನಲ್ಲಿ ಒಂದೇ ತೋಡಿನಿಂದ ಹಲವು ಗದ್ದೆಗಳು ನೀರುಣ್ಣುವುದುಂಟು. ಪ್ರತಿಯೊಂದು ಗದ್ದೆಯ ತೂಬು ಚಿಕ್ಕದಾದರೂ, ತೂಬುಗಳು ಹೆಚ್ಚಿದರೆ ಕೊನೆಯ ಗದ್ದೆ ಒಣಗುವುದು. ಪೋಸ್ಟ್‌ಗ್ರೆಸ್ ಎಂಬ ದತ್ತಾಂಶ ವ್ಯವಸ್ಥೆ ತಾನಾಗಿ ಒಪ್ಪುವ ಸಂಪರ್ಕಗಳು 100. ತಲಾ 20 ಥ್ರೆಡ್ಡುಗಳ ನಾಲ್ಕು ಕಂಟೇನರುಗಳು, ಥ್ರೆಡ್ಡಿಗೊಂದು ಸಂಪರ್ಕದಂತೆ, 80ನ್ನು ಪಡೆದು ಸುಖವಾಗಿರುವುವು. ಜನಸಂದಣಿಯ ದಿನ ಕಂಟೇನರುಗಳು ತಾವಾಗಿಯೇ ಹತ್ತಾದರೆ ಬೇಡಿಕೆ 200ಕ್ಕೇರುವುದು. ನೆರವಿಗೆಂದು ಸೇರಿಸಿದ ಕಂಟೇನರುಗಳೇ ಆಗ ಬಾಗಿಲನ್ನು ಮುಚ್ಚಿದಂತಾಗುವುದು.

ಆದುದರಿಂದ ಥ್ರೆಡ್ಡುಗಳ ಸಂಖ್ಯೆಯನ್ನು ಯಂತ್ರದ ಸ್ಥಿರಗುಣವೆಂದು ಬೋಧಿಸುವುದು ತರವಲ್ಲ. ಮೊದಲು ಒಟ್ಟು ಮೊತ್ತವನ್ನು ನಿಶ್ಚಯಿಸಿ, ಕಂಟೇನರುಗಳು ಅತಿ ಹೆಚ್ಚೆಂದರೆ ಎಷ್ಟಾಗಬಹುದೋ ಅಷ್ಟರಿಂದ ಭಾಗಿಸಿ, ಬಂದ ಪಾಲನ್ನು ಒಂದೊಂದಕ್ಕೂ ವಿಧಿಸುವುದೇ ಯುಕ್ತ. ಇಂಜಿನಿಯರಿಂಗ್ ಶಿಕ್ಷಣವು ಪೊನ್ನಂಪೇಟೆಯಂತಹ ಊರುಗಳಿಗೂ ಬಂದಿರುವ ಈ ಕಾಲದಲ್ಲಿ, ವಿದ್ಯಾರ್ಥಿಗಳು ಈ ಭಾಗಾಕಾರವನ್ನು ಒಂದೇ ಗಣಕದ ಮೇಲೆ ಪರೀಕ್ಷಿಸಿ ನೋಡಬಹುದು.