ಬ್ಯಾರಕ್ಕಿನ ಓದಿಗೆ ಕಾಲೇಜಿನ ತೂಕ

ಓದನ್ನು ಅರ್ಧಕ್ಕೇ ಬಿಟ್ಟು ಸೈನ್ಯ ಸೇರಿದ ಹುಡುಗನೊಬ್ಬ ಅಲ್ಲಿ ರೇಡಿಯೋ ರಿಪೇರಿ ಕಲಿತು, ನಾಲ್ಕು ವರ್ಷಗಳ ನಂತರ ಕಾಲೇಜಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ನೀವೇ ಪ್ರಾಂಶುಪಾಲರಾಗಿದ್ದರೆ ಅವನನ್ನು ಯಾವ ತರಗತಿಯಲ್ಲಿ ಕೂರಿಸುತ್ತಿದ್ದಿರಿ?

ಅಮೆರಿಕದ ಕಾಲೇಜುಗಳಿಗೆ ಈ ಪ್ರಶ್ನೆ ಮೊದಲ ಮಹಾಯುದ್ಧ ಮುಗಿದಾಗಲೇ ಎದುರಾಗಿತ್ತು. ಅಲ್ಲಿ ಪದವಿಯೆಂದರೆ ಕ್ರೆಡಿಟ್‌ಗಳ ಲೆಕ್ಕ. ವಾರಕ್ಕೊಂದು ಗಂಟೆಯಂತೆ ಒಂದು ಸೆಮಿಸ್ಟರ್ ಪಾಠ ಕೇಳಿ ತೇರ್ಗಡೆಯಾದರೆ ಸಾಮಾನ್ಯವಾಗಿ ಒಂದು ಕ್ರೆಡಿಟ್. ಆಗ ಅನೇಕ ಕಾಲೇಜುಗಳು ಸೈನಿಕ ಏನು ಕಲಿತ ಎಂದು ಕೇಳದೆ, ಸೇವೆ ಸಲ್ಲಿಸಿದ್ದಕ್ಕೇ ಕ್ರೆಡಿಟ್ ಕೊಟ್ಟುಬಿಟ್ಟವು. ಕೃತಜ್ಞತೆ ಸರಿ, ಆದರೆ ವಿಜ್ಞಾನ ಓದಿದ ನನಗೆ ಇದು ತಕ್ಕಡಿಗೆ ಹಾಕದೆಯೇ ತೂಕ ಬರೆದಂತೆ ಕಾಣುತ್ತದೆ.

ಎರಡನೆಯ ಯುದ್ಧದಲ್ಲಿ ತಕ್ಕಡಿಯನ್ನೇ ಕಟ್ಟಿದರು. 1942ರಲ್ಲಿ ವಿಸ್ಕಾನ್ಸಿನ್‌ನ ಮ್ಯಾಡಿಸನ್ ಊರಿನಲ್ಲಿ ಸೈನಿಕರಿಗಾಗಿ ಅಂಚೆ ಶಿಕ್ಷಣ ಸಂಸ್ಥೆ ಆರಂಭವಾಯಿತು. ಮರುವರ್ಷ ಅದಕ್ಕೆ ಸಶಸ್ತ್ರ ಪಡೆಗಳ ಸಂಸ್ಥೆ ಎಂಬ ಹೆಸರು ಬಂತು. ಸೈನಿಕ ಎರಡು ಡಾಲರ್ ಕಟ್ಟಿದರೆ ಸಾಕು, ಪಾಠ ಅವನಿದ್ದಲ್ಲಿಗೆ ಬರುತ್ತಿತ್ತು. ಹೈಸ್ಕೂಲು ಮುಗಿಸದವರ ತಿಳಿವಳಿಕೆ ಅಳೆಯಲು ಅಯೋವಾ ವಿಶ್ವವಿದ್ಯಾನಿಲಯದ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಪರೀಕ್ಷೆಗಳನ್ನು ರೂಪಿಸಿದರು. ಇಂದಿನ ಜಿ.ಇ.ಡಿ. ಪರೀಕ್ಷೆಯ ಮೂಲ ಅದೇ.

ಆದರೆ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಒಂದು ದಪ್ಪ ಕೈಪಿಡಿ. ಅಮೆರಿಕದ ಶಿಕ್ಷಣ ಮಂಡಳಿಯ ಪರವಾಗಿ ಇಲಿನಾಯ್ ವಿಶ್ವವಿದ್ಯಾನಿಲಯದ ಜಾರ್ಜ್ ಟಟಲ್ ಅದನ್ನು ಸಂಪಾದಿಸಿದರು, 1946ರಲ್ಲಿ ಅದು ಪುಸ್ತಕವಾಯಿತು. ಸೈನ್ಯದ ಒಂದೊಂದು ತರಬೇತಿಯಲ್ಲೂ ಏನು ಕಲಿಸುತ್ತಾರೆ, ಅದಕ್ಕೆ ಎಷ್ಟು ಕ್ರೆಡಿಟ್ ಸಲ್ಲಬಹುದು ಎಂಬ ಶಿಫಾರಸು ಅದರಲ್ಲಿತ್ತು. ಕೊನೆಯ ಮಾತು ಮಾತ್ರ ಕಾಲೇಜಿನದೇ.

1944ರ ಜಿ.ಐ. ಶಾಸನ ಮಾಜಿ ಸೈನಿಕರ ಶುಲ್ಕವನ್ನೂ ಕಟ್ಟಿತು. ಸುಮಾರು 22 ಲಕ್ಷ ಮಂದಿ ಕಾಲೇಜು ಸೇರಿದರು. ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಕಾಲೇಜುಗಳು ಕಪ್ಪು ಸೈನಿಕನಿಗೆ ಬಾಗಿಲು ತೆರೆಯಲಿಲ್ಲ. ಅವನ ಕಲಿಕೆ ತೂಗಿದ್ದರೂ ಕೊಳ್ಳುವವರಿರಲಿಲ್ಲ. ಕಪ್ಪು ಜನರಿಗೆಂದೇ ಇದ್ದ ಕಾಲೇಜುಗಳಲ್ಲಿ ಎಲ್ಲರಿಗೂ ಸ್ಥಳ ಸಾಲಲಿಲ್ಲ.

1949ರಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ ಜರ್ಮನಿಯ ಅಮೆರಿಕನ್ ಸೇನಾ ನೆಲೆಗಳಿಗೇ ಅಧ್ಯಾಪಕರನ್ನು ಕಳುಹಿಸಿತು. ಹಗಲು ಕವಾಯತು ಮಾಡಿದವನು ಸಂಜೆ ವಿದ್ಯಾರ್ಥಿಯಾದ. ಮ್ಯಾಡಿಸನ್ ಸಂಸ್ಥೆ 1974ರಲ್ಲಿ ಮುಚ್ಚಿತು, ಅದರ ಕೆಲಸ ಬೇರೊಂದು ಕಚೇರಿಗೆ ಹೋಯಿತು.

ನಮ್ಮ ಖಡಕ್‌ವಾಸ್ಲಾ ಅಕಾಡೆಮಿಯಲ್ಲಿ ಈ ತೊಡಕಿಲ್ಲ. ಅಲ್ಲಿ ಪದವಿಯ ಓದು ತರಬೇತಿಯ ಜೊತೆಗೇ ಸಾಗುತ್ತದೆ, ಪದವಿ ಕೊಡುವುದು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ. ಅಮೆರಿಕದ ಸೈನಿಕನಾದರೋ ಇಂದಿಗೂ ತನ್ನ ತರಬೇತಿಯ ದಾಖಲೆ ಹಿಡಿದು ಕಾಲೇಜಿಗೆ ಹೋಗುತ್ತಾನೆ. ಒಂದೇ ದಾಖಲೆಗೆ ಒಂದು ಕಾಲೇಜು ಆರು ಕ್ರೆಡಿಟ್ ಕೊಟ್ಟರೆ, ಪಕ್ಕದ ಊರಿನದು ಒಂದನ್ನೂ ಕೊಡದಿರಬಹುದು.